ಪ್ರಿಚರ್ಡನ ಪ್ಯಾಂಟು

ಆಲೂಗೆಡ್ಡೆ ಚೀಲ ಎತ್ತಲು ಬಗ್ಗಿದಾಗ ಇದ್ವಾಲ್ ಪ್ರಿಚರ್ಡನ ಪ್ಯಾಂಟು ಹಿಂದುಗಡೆ ಪರ್ರನೆ ಹರಿಯಿತು. ಅದೂ ಸೂಪರ್‌ಮಾರ್ಕೆಟ್ಟಿನ ನಟ್ಟನಡುವೆ.

ಬೇರೆ ಊರಾಗಿದ್ದರೆ ನಕ್ಕು ಮರೆಯುತ್ತಿದ್ದರು. ವೇಲ್ಸಿನ ನಮ್ಮ ಪೆಂಟ್ರೆವೆನ್ನಿನಲ್ಲಿ ಐವರು ಪ್ರಿಚರ್ಡರಿದ್ದಾರೆ. ಗುರುತಿಗೆ ಅಡ್ಡಹೆಸರೇ ಗತಿ. ಒಮ್ಮೆ ಅಂಟಿದರೆ ಅದು ಗೋರಿಕಲ್ಲಿನವರೆಗೂ ಬರುತ್ತದೆ. ಮದುವೆಯೊಂದರಲ್ಲಿ ಕೇಕಿನ ಮೇಲೆ ಕೂತವನು ಮೂವತ್ತು ವರ್ಷದಿಂದ ಕೇಕ್ ಪ್ರಿಚರ್ಡ್. ಇದ್ವಾಲ್ ಗಾಯನವೃಂದದಲ್ಲಿ ಇಪ್ಪತ್ತು ವರ್ಷ ಹಾಡಿ ‘ಹಾಡಿನ ಪ್ರಿಚರ್ಡ್’ ಆಗಿದ್ದ. ಕೊರೋನಾದಿಂದ ವೃಂದ ನಿಂತು ಏಳು ತಿಂಗಳಾಗಿ, ಆ ಹೆಸರು ಸಡಿಲ ಹಲ್ಲಿನಂತೆ ಅಲ್ಲಾಡುತ್ತಿತ್ತು. ‘ಹರಕು ಪ್ಯಾಂಟು ಪ್ರಿಚರ್ಡ್’ ಆಗಲು ಒಬ್ಬರು ನೋಡಿದರೆ ಸಾಕಿತ್ತು.

ಬೆನ್ನನ್ನು ಗೋಡೆಗೊತ್ತಿ, ಏಡಿಯಂತೆ ಅಡ್ಡಡ್ಡ ಸರಿಯುತ್ತ ಬಟ್ಟೆಯ ಸಾಲಿಗೆ ಬಂದ. ಸಾಲಿಗೆ ಅಡ್ಡಲಾಗಿ, ಉದ್ದಕ್ಕೂ ಏನೋ ಅಚ್ಚಾಗಿದ್ದ ಟೇಪು ಬಿಗಿದು, ಅಂಗಡಿಯ ಮೇಲ್ವಿಚಾರಕಿ ಎಲುನೆಡ್ ನಿಂತಿದ್ದಳು.

“ಪ್ಯಾಂಟು ಮಾರೋ ಹಾಗಿಲ್ಲ, ಇದ್ವಾಲ್. ಲಾಕ್‌ಡೌನ್ ಮುಗಿಯೋವರೆಗೆ ಅಗತ್ಯ ವಸ್ತು ಮಾತ್ರ. ಇದು ಸರ್ಕಾರದ ಪಟ್ಟಿಯಲ್ಲಿಲ್ಲ.”

“ಸೂಜಿ ದಾರ?”

“ಅದೂ ಇಲ್ಲ.”

“ವಿಸ್ಕಿ?”

“ಎಷ್ಟು ಬೇಕಾದ್ರೂ ತಗೋ. ಮೂರನೇ ಸಾಲು.”

“ವಿಸ್ಕೀನ ಸೊಂಟಕ್ಕೆ ಸುತ್ಕೊಳ್ಳೋಕಾಗತ್ತಾ?”

“ಕುಡಿದ್ರೆ ಸೊಂಟದ ಚಿಂತೆ ಇರಲ್ಲ.”

ಅಷ್ಟರಲ್ಲಿ ಪಕ್ಕದ ಮನೆಯ ಗ್ವೆಂಡಾ ಬುಟ್ಟಿ ಹಿಡಿದು ಬಂದಳು. ಇದ್ವಾಲ್ ಅವಳಿಗೆ ಮುಖ ಮಾಡಿಕೊಂಡೇ ಹಿಂದಕ್ಕೆ ನಡೆಯತೊಡಗಿದ.

“ಯಾಕೋ ಹಿಂದಕ್ಕೆ ನಡೀತಿದೀಯ?”

“ಎರಡು ಮೀಟರ್ ಅಂತರ, ಗ್ವೆಂಡಕ್ಕ.”

“ಹತ್ತು ಮೀಟರ್ ಆಯ್ತಪ್ಪ, ನಿಲ್ಲು.”

ಬಿಸ್ಕತ್ತು ಡಬ್ಬಗಳ ಗೋಪುರ ಅವನನ್ನು ನಿಲ್ಲಿಸಿತು. ಡಬ್ಬಗಳೆಲ್ಲ ಮೈಮೇಲೆ ಉರುಳಿದವು. ಎತ್ತಲು ಓಡಿಬಂದ ಎಲುನೆಡ್‌ಗೆ ವಿಷಯ ಪಿಸುಗುಟ್ಟದೆ ಬೇರೆ ದಾರಿಯಿರಲಿಲ್ಲ. ಅವಳು ಕನಿಕರಪಟ್ಟು, ಸಾಲುಗಳಿಗೆ ಅಂಟಿಸುತ್ತಿದ್ದ ಟೇಪಿನ ಸುರುಳಿಯನ್ನೇ ಅವನ ಕೈಗಿತ್ತಳು.

“ಇದು ಮಾರಾಟ ಅಲ್ಲ, ಸುಮ್ನೆ ಕೊಡ್ತಿರೋದು. ಯಾರಿಗೂ ಹೇಳಲ್ಲ, ಹೋಗು.”

ಮಾಸ್ಕಿನ ಉಸಿರಿಗೆ ಮಂಜಾದ ಕನ್ನಡಕದಲ್ಲೇ ಇದ್ವಾಲ್ ಶೌಚಾಲಯದಲ್ಲಿ ನಿಂತು, ಅಂದಾಜಿನ ಮೇಲೆ ನಾಲ್ಕು ಪಟ್ಟಿ ಅಂಟಿಸಿದ. ಬಗ್ಗಿ ಪರೀಕ್ಷಿಸಿದ. ಗಟ್ಟಿಯಾಗಿತ್ತು.

ಮುಖ್ಯ ಬೀದಿಯಲ್ಲಿ ಎದೆಯುಬ್ಬಿಸಿ ನಡೆದ. ಕಿಟಕಿಗಳಲ್ಲಿ ನಿಂತವರಿಗೆಲ್ಲ ಕೈ ಬೀಸಿದ. ಲಾಕ್‌ಡೌನಿನಲ್ಲಿ ಊರಿಗೆ ನೋಡಲು ಬೇರೇನೂ ಇರಲಿಲ್ಲ. ಅವನು ದಾಟಿಹೋದ ಮೇಲೂ ಎಲ್ಲರೂ ನೋಡುತ್ತಲೇ ಇದ್ದರು. ಹರಿದದ್ದು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ.

ಮನೆಯ ಗೇಟಿನ ಬಳಿ ಹಿಂದಿನಿಂದ ಗ್ವೆಂಡಾ ಕರೆದಳು.

“ಯಾರಪ್ಪ ನಿನಗೆ ಹಾಗಂದಿದ್ದು? ಎಷ್ಟೇ ಬೇಜಾರಾದ್ರೂ ಹೀಗೆ ಬರ್ಕೊಂಡು ತಿರುಗಬಾರದು.”

“ಏನು ಬರ್ಕೊಂಡಿದೀನಿ?”

ಗ್ವೆಂಡಾ ಕನ್ನಡಕ ಸರಿಮಾಡಿಕೊಂಡು, ಎರಡು ಮೀಟರ್ ದೂರದಿಂದಲೇ ಓದಿದಳು. “‘ಅನಗತ್ಯ ವಸ್ತು. ಮುಟ್ಟಬೇಡಿ.’ ನಾಲ್ಕು ಸಲ ಇದೆ.”

ಸಂಜೆ ಗಾಯನವೃಂದ ಮೊದಲ ಸಲ ಕಂಪ್ಯೂಟರಿನಲ್ಲಿ ಸೇರಿತು. ಹಾಜರಿ ಕರೆಯುತ್ತಿದ್ದ ಮುಖ್ಯಸ್ಥರು ಪ್ರಿಚರ್ಡರ ಹತ್ತಿರ ಬಂದಾಗ ಕೊಂಚ ತಡೆದರು.

“ಅನಗತ್ಯ ಪ್ರಿಚರ್ಡ್?”

“ಬಂದಿದೀನಿ,” ಎಂದ ಇದ್ವಾಲ್.