ಮಾವನ ಕೋವಿಯ ಚೋಕು

ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟವನಿಗೆ ‘ಕೂರುತ್ತೆ ಅಂದ್ರಿ, ಕೂರ್ಲಿಲ್ಲ’ ಎಂಬ ದೂರು ಕೇಳದ ದಿನವೇ ಇರುವುದಿಲ್ಲ. ಚಿಂತಾಮಣಿಯಲ್ಲಿ ಬೈಕಿನ ಬಿಡಿಭಾಗ ಮಾರುತ್ತಲೇ ನನ್ನ ಕೂದಲು ನರೆತಿದೆ. ಆದರೂ ಒಂದು ಕೋವಿ ನನ್ನನ್ನು ಇಷ್ಟು ಆಡಿಸುತ್ತದೆ ಎಂದುಕೊಂಡಿರಲಿಲ್ಲ.

ಕೋವಿ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುವ ನನ್ನ ಗೆಳೆಯನದು. ಅವನ ಮಾವನಿಂದ ಬಂದದ್ದು. ಲೈಸೆನ್ಸನ್ನೂ ತನ್ನ ಹೆಸರಿಗೆ ಮಾಡಿಸಿಕೊಂಡಿದ್ದ. ಗಾಳಿಗೆ ಹಾರಿಸಿದ ಮಣ್ಣಿನ ತಟ್ಟೆಗಳನ್ನು ಮಾವ ಸಾಲಾಗಿ ಒಡೆಯುತ್ತಿದ್ದರಂತೆ. ಅದೇ ಕೋವಿಯಲ್ಲಿ ತಾನು ಒಂದು ತಟ್ಟೆಯನ್ನಾದರೂ ಒಡೆಯಬೇಕೆಂದು ಅಳಿಯನ ಹಟ. ಅಡ್ಡಿ ಒಂದೇ. ನಳಿಕೆಯ ತುದಿಗೆ ತಿರುಗಿಸಿ ಕೂರಿಸುವ, ಸೀಸದ ಚರೆ ಬೇಗ ಚೆದುರದಂತೆ ನೋಡಿಕೊಳ್ಳುವ ಚೋಕ್ ಎಂಬ ಪುಟ್ಟ ಕೊಳವೆ, ಮನೆಗೆ ಸುಣ್ಣ ಹೊಡೆಸುವಾಗ ಎಲ್ಲೋ ಕಾಣೆಯಾಗಿತ್ತು.

೧. ಎಲ್ಲದಕ್ಕೂ ಕೂರುವುದು

ಬದಲಿ ಚೋಕುಗಳಲ್ಲಿ ಮೊದಲನೆಯದನ್ನು ಫೋನಿನಲ್ಲೇ ಹೇಳಿ ತರಿಸಿದೆವು. ಮಾರುವವನು, “ಕಂಪನಿದಲ್ಲ ಸಾರ್, ಆದ್ರೆ ಕಂಪನಿದಕ್ಕಿಂತ ಚೆನ್ನಾಗಿದೆ. ಹನ್ನೆರಡು ಬೋರಿನ ಎಲ್ಲಾ ಕೋವಿಗೂ ಕೂರುತ್ತೆ” ಎಂದ. ಅದು ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ಫೋನ್ ಮಾಡಿದರೆ, “ಹಂಗಾದ್ರೆ ನಿಮ್ಮ ಕೋವಿನೇ ಸರಿಯಿಲ್ಲ ಬಿಡಿ” ಎಂದುಬಿಟ್ಟ.

ನನಗೆ ಸಿಟ್ಟು ಬರಬೇಕಿತ್ತು. ಆದರೆ ಅವತ್ತು ಬೆಳಿಗ್ಗೆ ತಾನೇ ಒಬ್ಬ ಗಿರಾಕಿಗೆ ನಿಮ್ಮ ಬೈಕೇ ಸರಿಯಿಲ್ಲ ಎಂದು ನಾನೂ ಹೇಳಿ ಕಳಿಸಿದ್ದೆ.

೨. ನಿಂಬೆಹಣ್ಣು

ಎರಡನೆಯದು ಚೆನ್ನಾಗಿ ಕೂತಿತು. ಅಷ್ಟರಲ್ಲಿ ಆಯುಧಪೂಜೆ ಬಂತು. ಗೆಳೆಯ ಕೋವಿಗೆ ಅರಿಶಿನ ಕುಂಕುಮ ಹಚ್ಚಿ, ನಳಿಕೆಯ ಬಾಯಿಗೇ ನಿಂಬೆಹಣ್ಣು ಸಿಕ್ಕಿಸಿದ. ದೃಷ್ಟಿಯಾಗದಿರಲಿ ಎಂದು ಹಣ್ಣು ಒಣಗುವವರೆಗೂ ತೆಗೆಯಲಿಲ್ಲ. ಒಳ್ಳೆಯ ಉಕ್ಕಾಗಿದ್ದರೆ ತಡೆದುಕೊಳ್ಳುತ್ತಿತ್ತೇನೋ. ಇದು ತುಕ್ಕು ಹಿಡಿದು ಒಳಗೇ ಕಚ್ಚಿಕೊಂಡಿತು.

ಕೋವಿ ರಿಪೇರಿಯವರು ತಿರುಗಿಸಿ ನೋಡಿ, “ರಾದು ಸ್ವಾಮಿ, ಇದು ಬರಲ್ಲ” ಎಂದರು. ಕೊನೆಗೆ ಹೇಗೋ ಕಿತ್ತು ತೆಗೆದರು. ನಳಿಕೆಯ ಥ್ರೆಡ್ಡು ಅರ್ಧ ಸವೆದು ಹೋಗಿತ್ತು. “ಇನ್ಮೇಲೆ ಕಂಪನಿದೇ ಹಾಕ್ಬೇಕು, ಬೇರೇದು ನಿಲ್ಲಲ್ಲ. ಏನ್ ಮಾಡಿದ್ರಿ ಇದಕ್ಕೆ?”

ಗೆಳೆಯ ತಲೆ ತಗ್ಗಿಸಿದ. “ಪೂಜೆ ಬಿಟ್ಟು ಬೇರೇನೂ ಮಾಡಿಲ್ಲ.”

೩. ಒಡೆದ ತಟ್ಟೆ

ಕಂಪನಿಯದು ಎಲ್ಲೂ ಸಿಗಲಿಲ್ಲ. ಇವನಿಗೆ ತಾಳ್ಮೆಯಿಲ್ಲ. ಮೂರನೆಯದನ್ನು ತಂದು ಬಿಗಿಯಾಗಿ ತಿರುಗಿಸಿ, ಗೌರಿಬಿದನೂರು ಕಡೆಯ ಶೂಟಿಂಗ್ ರೇಂಜಿಗೆ ನನ್ನನ್ನೂ ಎಳೆದುಕೊಂಡು ಹೋದ. ತಟ್ಟೆ ಹಾರಿತು, ಇವನು ಹೊಡೆದ, ತಟ್ಟೆ ಪುಡಿಪುಡಿಯಾಯಿತು. ನನ್ನನ್ನು ತಬ್ಬಿಕೊಂಡು ಅತ್ತೇಬಿಟ್ಟ. ನಿಜ ಹೇಳಬೇಕೆಂದರೆ ನನ್ನ ಕಣ್ಣೂ ಒದ್ದೆಯಾಯಿತು.

ರೇಂಜಿನ ಕೋಚ್ ಬಂದು ಕೋವಿ ಎತ್ತಿ ನೋಡಿದರು. ತುದಿಯಲ್ಲಿ ಚೋಕ್ ಇರಲಿಲ್ಲ. ಚರೆಯ ಜೊತೆ ಅದೂ ಕಿತ್ತುಕೊಂಡು ಹಾರಿ ತಟ್ಟೆಗೆ ಬಡಿದಿತ್ತು.

“ಆದ್ರೂ ಒಡೆದಂಗೆ ಲೆಕ್ಕ ತಾನೇ ಸಾರ್?” ಎಂದ ಗೆಳೆಯ.

“ತಟ್ಟೆ ವಿಷ್ಯ ಆಮೇಲೆ. ಮೊದ್ಲು ನಳಿಕೆ ನೋಡ್ಕೊಳಿ” ಎಂದರು ಅವರು. ನಳಿಕೆಯ ತುದಿ ಸೀಳಿತ್ತು.

೪. ಕೈ ಮುಗಿದದ್ದು

ಇನ್ನು ಇದರಲ್ಲಿ ಹೊಡೆಯುವ ಹಾಗೇ ಇಲ್ಲ ಎಂದರು ರಿಪೇರಿಯವರು. ಗೆಳೆಯ ಸ್ಟೇಷನ್ನಿಗೆ ಹೋಗಿ ಕೋವಿಯನ್ನೂ ಲೈಸೆನ್ಸನ್ನೂ ಒಪ್ಪಿಸಿಬಿಟ್ಟ. ವಾಪಸು ಬರುವಾಗ ದಾರಿಯುದ್ದಕ್ಕೂ ಅವನಿಗೆ ಮಾವನ ವಸ್ತು ತನ್ನ ಕೈಯಲ್ಲಿ ಹಾಳಾಯಿತಲ್ಲ ಎಂಬ ಕೊರಗು. ನಾನು ಮನೆಯವರೆಗೂ ಜೊತೆಗೆ ಹೋದೆ.

ಮನೆ ಸೇರಿದ ಕೂಡಲೇ ಕೈಕಾಲು ತೊಳೆದು ದೇವರ ಮುಂದೆ ನಿಂತ. ನಾನೂ ಹಿಂದೆ ನಿಂತೆ. ಊದುಬತ್ತಿ ಉರಿಯುತ್ತಿತ್ತು. ಅದನ್ನು ಅಕ್ಕಿ ತುಂಬಿದ ಹೆಬ್ಬೆರಳುದ್ದದ ಉಕ್ಕಿನ ಕೊಳವೆಯಲ್ಲಿ ಸಿಕ್ಕಿಸಿದ್ದರು. ಕೊಳವೆಯ ಬುಡದಲ್ಲಿ ಥ್ರೆಡ್ಡು. ಅಂಗಡಿಯವನ ಕಣ್ಣು, ಬೇಡವೆಂದರೂ ಅಲ್ಲಿಗೇ ಹೋಯಿತು.

“ಅಕ್ಕಾ, ಇದೇನಿದು?” ಎಂದು ಅವನ ಹೆಂಡತಿಯನ್ನು ಕೇಳಿದೆ.

“ನಮ್ಮಪ್ಪನ ಕೋವೀದು ಕಣಣ್ಣ. ಸುಣ್ಣ ಹೊಡ್ಸುವಾಗ ಕೆಳಗೆ ಬಿದ್ದಿತ್ತು. ಅಪ್ಪನ ನೆನಪಿಗೆ ಇರ್ಲಿ ಅಂತ ಇಲ್ಲಿಟ್ಟೆ.”

ಗೆಳೆಯ ಕೊಳವೆಯತ್ತ ಬಗ್ಗಿ ನೋಡಿದ. “ಇಷ್ಟು ದಿನ ಒಂದು ಮಾತು ಹೇಳ್ಬಾರ್ದಿತ್ತೇನೇ?”

“ನೀವು ಯಾವತ್ತು ನನ್ನ ಕೇಳಿದ್ರಿ? ಪ್ರತಿ ಸಲ ಹೊಸದು ತರೋಕೆ ಹೊರಡುವಾಗ್ಲೂ ಇದರ ಮುಂದೇನೇ ನಿಂತು, ಈ ಸಲ ಆದ್ರೂ ಸರಿಯಾದ್ದು ಸಿಗ್ಲಪ್ಪ ಅಂತ ಕೈ ಮುಗಿದು ಹೋಗ್ತಿದ್ರಿ.”