ಇಬ್ಬರು ಪುಲಕೇಶಿಗಳು, ಮೂವರು ತ್ಯಾಂಪಣ್ಣರು

ಚರಿತ್ರೆಯ ರಾಜರ ಬಗ್ಗೆ ನನಗೆ ಮೊದಲಿನಿಂದಲೂ ಭಯಭಕ್ತಿ. ಅವರು ಮಾಡಿದ ಯುದ್ಧಗಳಿಗಾಗಿ ಅಲ್ಲ, ಇಟ್ಟುಕೊಂಡ ಹೆಸರುಗಳಿಗಾಗಿ. ಪ್ರಪಂಚದಲ್ಲಿ ಹೆಸರಿಗೇನು ಬರವೇ? ಆದರೂ ಬಾದಾಮಿಯ ಚಾಲುಕ್ಯರು ಅಜ್ಜನನ್ನೂ ಪುಲಕೇಶಿ ಎಂದರು, ಮೊಮ್ಮಗನನ್ನೂ ಪುಲಕೇಶಿ ಎಂದರು. ಗುಪ್ತರಲ್ಲಿಯೂ ಅಜ್ಜ ಚಂದ್ರಗುಪ್ತ, ಮೊಮ್ಮಗ ಚಂದ್ರಗುಪ್ತ; ಸಾಲದೆಂಬಂತೆ ಅವರಿಗಿಂತ ಎಷ್ಟೋ ಮೊದಲೇ ಮೌರ್ಯರಲ್ಲೊಬ್ಬ ಚಂದ್ರಗುಪ್ತ ಆಗಿಹೋಗಿದ್ದ. ರಾಷ್ಟ್ರಕೂಟರಂತೂ ಗೋವಿಂದ, ಕೃಷ್ಣ, ಇಂದ್ರ ಎಂಬ ಹೆಸರುಗಳನ್ನು ಒಗೆದು ಒಣಗಿಸಿ ಮತ್ತೆ ಉಟ್ಟುಕೊಂಡವರು. ಕಲ್ಯಾಣದಲ್ಲಿ ವಿಕ್ರಮಾದಿತ್ಯನ ಲೆಕ್ಕ ಆರಕ್ಕೆ ಹೋಗಿತ್ತು. ಆ ಕಲ್ಯಾಣ ನಮ್ಮ ಡೊಂಬಿವಲಿಯ ಆಚೆಗಿನ ಕಲ್ಯಾಣ ಜಂಕ್ಷನ್ ಅಲ್ಲ, ಬೀದರಿನ ಕಡೆಯದು ಎಂದು ನನಗೆ ತಿಳಿದದ್ದು ಮೀಸೆ ಬಂದ ಮೇಲೆ. ಅಲ್ಲಿಯವರೆಗೆ ಲೋಕಲ್ ಗಾಡಿಯ ಬಾಗಿಲಲ್ಲಿ ನಿಂತು, ಅವನ ಅರಮನೆ ಯಾರ್ಡಿನ ಯಾವ ಬದಿಗೆ ಇದ್ದಿರಬಹುದೆಂದು ಹುಡುಕುತ್ತಿದ್ದೆ.

ಇಷ್ಟು ಭಕ್ತಿಯಿದ್ದರೂ ನನಗೆ ಇವರಲ್ಲಿ ಯಾರು ಯಾರೆಂಬುದು ಎಂದೂ ನೆಟ್ಟಗೆ ನೆನಪಿನಲ್ಲಿ ಉಳಿದದ್ದಿಲ್ಲ. ಥಾಣೆಯ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯ ಪರೀಕ್ಷೆಗೆ, ಒಂದನೆಯ ಪುಲಕೇಶಿ ಹರ್ಷವರ್ಧನನನ್ನು ಸೋಲಿಸಿದನೆಂದು ಒಂದೂವರೆ ಪುಟ ಬರೆದಿದ್ದೆ. ಮಾಸ್ತರರು ಉತ್ತರಪತ್ರಿಕೆ ಕೊಡುವಾಗ ಇಡೀ ತರಗತಿಗೆ ಕೇಳುವ ಹಾಗೆ, “ಪಾಪದ ಅಜ್ಜನನ್ನು ಆ ಪ್ರಾಯದಲ್ಲಿ ನರ್ಮದೆಗೆ ಯಾಕೆ ಕಳಿಸಿದ್ದೀ ಮಾರಾಯ? ಮೊಮ್ಮಗ ಮನೆಯಲ್ಲಿ ಎಂತ ಮಾಡ್ತಿದ್ದ?” ಎಂದರು. ಆ ಅವಮಾನದಿಂದ ಚರಿತ್ರೆಯ ಬಗ್ಗೆ ನನಗೆ ಇನ್ನಷ್ಟು ಗೌರವ ಹುಟ್ಟಿತು.

ಚರಿತ್ರೆ ಹಾಳಾಗಲಿ, ನಮ್ಮ ಮನೆಯಲ್ಲೇ ಒಂದು ರಾಜವಂಶವಿದೆ. ನನ್ನ ಅಪ್ಪನ ಹೆಸರು ತ್ಯಾಂಪಣ್ಣ ಶೆಟ್ಟಿ. ಉಡುಪಿಯ ಕಡೆಯಿಂದ ಬಂದು, ಥಾಣೆಯ ಕಾರ್ಖಾನೆಗಳ ವಾಗ್ಳೆ ಎಸ್ಟೇಟಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೋಟೆಲು ನಡೆಸಿ, ಈಗ ಡೊಂಬಿವಲಿಯ ನಮ್ಮ ಫ್ಲ್ಯಾಟಿನಲ್ಲಿ ಬಾಲ್ಕನಿಯ ಆಡಳಿತ ನೋಡಿಕೊಂಡಿದ್ದಾರೆ. ಅವರ ಮಗ ನಾನು, ಉಮೇಶ. ಬೇಲಾಪುರದ ಕಚೇರಿಯೊಂದರಲ್ಲಿ ಕಡತಗಳನ್ನು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ದಾಟಿಸುವವನು. ನನ್ನ ಮಗ ಹುಟ್ಟಿದಾಗ ಪದ್ಧತಿಯಂತೆ ಅಜ್ಜನ ಹೆಸರನ್ನೇ ಇಟ್ಟೆವು. ಹೀಗಾಗಿ ಹದಿನಾಲ್ಕು ವರ್ಷದ ಒಬ್ಬ ತ್ಯಾಂಪಣ್ಣನೂ ಎಂಬತ್ತೆರಡರ ಒಬ್ಬ ತ್ಯಾಂಪಣ್ಣನೂ ಒಂದೇ ಬಾತ್‌ರೂಮಿಗಾಗಿ ಬೆಳಿಗ್ಗೆ ಕಾಯುತ್ತಾರೆ. ಮೊಣಕಾಲಿನ ಎಣ್ಣೆ ತಂದ ಕೊರಿಯರಿನವನು ತ್ಯಾಂಪಣ್ಣ ಯಾರೆಂದು ಕೇಳಿದರೆ ಕ್ರಿಕೆಟ್ ಬ್ಯಾಟು ಹಿಡಿದವನು ಹೋಗಿ ಸಹಿ ಹಾಕುತ್ತಾನೆ.

ನಿಜವಾದ ಕಷ್ಟ ನನ್ನ ಹೆಂಡತಿಯದು. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವುದುಂಟೇ? ಅವಳು ಹೆತ್ತ ಮಗನನ್ನು ಹದಿನಾಲ್ಕು ವರ್ಷಗಳಿಂದ ‘ಬಾಬು’ ಎಂದೇ ಕರೆಯುತ್ತಿದ್ದಾಳೆ. ದವಾಖಾನೆಯ ಕೌಂಟರಿನಲ್ಲಿ ಮಗುವಿನ ಹೆಸರೇನೆಂದು ಕೇಳಿದರೆ ಮಾತಾಡದೆ ಫೈಲನ್ನು ಮುಂದೆ ಹಿಡಿಯುತ್ತಾಳೆ. ಸಿಟ್ಟು ಬಂದಾಗಲಾದರೂ ಪೂರ್ತಿ ಹೆಸರು ಹಿಡಿದು ಗದರಿಸುವ ಸುಖ ಅವಳಿಗಿಲ್ಲ. ಮಗನನ್ನು ಬೈದರೆ ಮಾವನನ್ನು ಬೈದಂತಾಗುತ್ತದೆ, ಮಾವ ಅಲ್ಲೇ ಬಾಲ್ಕನಿಯಲ್ಲಿ ಪೇಪರು ಓದುತ್ತಿರುತ್ತಾರೆ.

ಈ ವಂಶಕ್ಕೆ ಕಳೆದ ವರ್ಷ ಆಪತ್ತು ಬಂತು. ಮಗನ ಶಾಲೆಯಿಂದ ಒಂದು ಫಾರ್ಮು ಬಂತು. ಬೋರ್ಡಿಗೆ ಹೋಗುವ ಹೆಸರನ್ನು ತಿದ್ದುವುದಿದ್ದರೆ ಈಗಲೇ ತಿದ್ದಿ, ಶನಿವಾರದೊಳಗೆ ತಂದೆಯ ಸಹಿಯೊಂದಿಗೆ ಕೊಡಬೇಕು. ಆಮೇಲೆ ಅಫಿಡವಿಟ್ಟು, ಗೆಜೆಟ್ಟು ಎಂದು ಅಲೆಯಬೇಕು. ಮಗ ಫಾರ್ಮನ್ನು ನನ್ನ ಮುಂದಿಟ್ಟು ಹೇಳಿದ: “ಪಪ್ಪಾ, ಮುಝೇ ನಾಮ್ ಚೇಂಜ್ ಕರ್ನಾ ಹೈ. ಸಂಕೇತ್ ಬರೆಯಿರಿ. ಹಾಜರಿ ಕರೆಯುವಾಗ ಮಿಸ್ ನನ್ನ ಹೆಸರಿಗೆ ಮೂರು ಸಲ ತಡವರಿಸ್ತಾರೆ. ಪೂರಾ ಕ್ಲಾಸ್ ನಗ್ತದೆ.”

ನಾನು ಗಾಬರಿಯಾದೆ. ಅಪ್ಪನಿಗೆ ಇದನ್ನು ಯಾರು ಹೇಳುವುದು? ಮೊಮ್ಮಗನ ನಾಮಕರಣದ ದಿನ ಅವರು ತೊಟ್ಟಿಲಿನ ಪಕ್ಕ ನಿಂತು ಕಣ್ಣೊರೆಸಿಕೊಂಡದ್ದನ್ನು ನೋಡಿದವನು ನಾನು. ಹೆಸರು ಹೋದರೆ ಅವರ ಎದೆ ಒಡೆಯುತ್ತದೆ ಎಂಬುದು ಒಂದು. ಇನ್ನೊಂದು ಭಯವೂ ಇತ್ತು, ಅದನ್ನು ಅಪ್ಪನ ಭಯದ ಹಿಂದೆ ಅಡಗಿಸಿಟ್ಟಿದ್ದೆ. ಇಬ್ಬರು ಪುಲಕೇಶಿಗಳ ನಡುವೆ ಕೀರ್ತಿವರ್ಮನೆಂಬ ಒಬ್ಬ ಇದ್ದಾನೆ. ಒಬ್ಬನಿಗೆ ಮಗ, ಇನ್ನೊಬ್ಬನಿಗೆ ಅಪ್ಪ. ಅವನೂ ಯುದ್ಧ ಮಾಡಿದ, ಗೆದ್ದ, ಆದರೆ ಪರೀಕ್ಷೆಯಲ್ಲಿ ಅವನ ಮೇಲೆ ಪ್ರಶ್ನೆ ಬಂದದ್ದನ್ನು ನಾನು ಕಾಣೆ. ನಮ್ಮ ಮನೆಯ ಕೀರ್ತಿವರ್ಮ ನಾನೇ. ಮಗ ಅಜ್ಜನ ಹೆಸರನ್ನು ಹೊತ್ತರೆ, ನಾಳೆ ಅವನ ಮಗ ತನ್ನ ಅಜ್ಜನ ಹೆಸರನ್ನು ಹೊರುತ್ತಾನೆ. ಆ ಅಜ್ಜ ಯಾರು? ಉಮೇಶ. ಸರಪಳಿ ಇಲ್ಲೇ ತುಂಡಾದರೆ ನನ್ನ ಹೆಸರು ನನ್ನೊಂದಿಗೇ ಮಸಣಕ್ಕೆ ಬರುತ್ತದೆ.

ಆದ್ದರಿಂದ ನಾನು ಚರಿತ್ರೆಯ ಮೊರೆಹೊಕ್ಕೆ. ರಾತ್ರಿಯ ಊಟದ ಬದಲು ಭಾನುವಾರ ಬೆಳಗಿನ ತಿಂಡಿಯ ಹೊತ್ತನ್ನೇ ಆರಿಸಿಕೊಂಡೆ, ಏಕೆಂದರೆ ನೀರುದೋಸೆ ಎದುರಿಗಿದ್ದರೆ ಮಗ ಎದ್ದುಹೋಗುವುದಿಲ್ಲ. ಎರಡನೆಯ ಪುಲಕೇಶಿಯ ಕಥೆ ತೆಗೆದೆ. ಹರ್ಷನನ್ನು ತಡೆದದ್ದು ಹೇಳಿದೆ. ಕೊಂಕಣದ ಪುರಿಯೆಂಬ ಪಟ್ಟಣವನ್ನು ನೂರಾರು ಹಡಗುಗಳಿಂದ ಮುತ್ತಿದ್ದು ಹೇಳಿದೆ. ಆ ಪುರಿ ಕಡಲ ನಡುವೆ ಗುಹೆಗಳಿರುವ ನಮ್ಮ ಘಾರಾಪುರಿ ದ್ವೀಪವೇ ಇರಬೇಕೆಂದು ತಿಳಿದವರು ಕೆಲವರು ಹೇಳುತ್ತಾರೆ. ಹಾಗಾದರೆ ನಾನು ದಿನಾ ಬೆಳಿಗ್ಗೆ ಕಳ್ವಾ ದಾಟುವಾಗ ಕಾಣುವ ಖಾಡಿಯ, ಅಂದರೆ ಅಳಿವೆಯ, ನೀರು ಹೋಗಿ ಸೇರುವ ಸಮುದ್ರದಲ್ಲೇ ಅವನ ಹಡಗುಗಳು ಬಂದು ನಿಂತಿದ್ದವು. ಹೇಳುತ್ತ ಹೇಳುತ್ತ ನನಗೇ ಮೈ ಜುಮ್ಮೆಂದಿತು. “ನೋಡು ಬಾಬು, ಇಷ್ಟೆಲ್ಲ ಮಾಡಿದವನು ಅಜ್ಜನ ಹೆಸರಿಟ್ಟುಕೊಂಡೇ ಮಾಡಿದ. ಸಂಕೇತ್ ಅಂತ ಇಟ್ಟುಕೊಳ್ಳಲಿಲ್ಲ” ಎಂದು ಮುಗಿಸಿದೆ.

ಮಗ ಎಡಗೈಯಲ್ಲಿ ಮೊಬೈಲು ಒತ್ತಿದ. ಈ ಕಾಲದಲ್ಲಿ ಮಕ್ಕಳಿಗೆ ಉಪದೇಶ ಮಾಡುವವನು ಮೊದಲು ವೈಫೈ ಆರಿಸಬೇಕು. “ಪಪ್ಪಾ, ಇಲ್ಲಿ ಬೇರೆ ಉಂಟು. ಇಸ್ಕಾ ಅಸ್ಲೀ ನಾಮ್ ಎರೆಯ ಥಾ. ರಾಜ ಆದ ಮೇಲೆ ಪುಲಕೇಶಿ ಅಂತ ಇಟ್ಟುಕೊಂಡ. ನಾನೂ ಹಾಗೇ ಮಾಡ್ತೇನೆ. ಈಗ ಸಂಕೇತ್. ರಾಜ ಆದ ಮೇಲೆ ತ್ಯಾಂಪಣ್ಣ.”

ಮರುಕ್ಷಣವೇ ನನ್ನ ತಲೆಯೊಳಗೆ ಏನೋ ಹೊಳೆಯಿತು. ಪಟ್ಟಕ್ಕೆ ಬರುವವರೆಗೆ ಅವನಿಗೆ ಬೇರೆ ಹೆಸರು ಯಾಕಿತ್ತು? ವಿದ್ವಾಂಸರಿಗೆ ಅವರದೇ ಕಾರಣಗಳಿರಬಹುದು. ಡೊಂಬಿವಲಿಯ ಗಂಡಸಿಗೆ ಕಾಣುವ ಕಾರಣ ಒಂದೇ: ಪುಲಕೇಶಿಯೆಂಬುದು ಆ ಹುಡುಗನ ತಾಯಿಗೆ ಮಾವನ ಹೆಸರು! ಕರೆಯುವುದು ಹೇಗೆ ಪಾಪ? ಬಾದಾಮಿಯ ಅರಮನೆಯಲ್ಲಿ, ಗಂಡ ಕೀರ್ತಿವರ್ಮ ದಂಡಿಗೆ ಹೋಗಿರುವಾಗ, ಪುಟ್ಟ ಪುಲಕೇಶಿ ಎತ್ತರದ ಬಂಡೆ ಹತ್ತಿ ಕೂತಿದ್ದಾನೆ, ತಾಯಿ ಕೆಳಗೆ ನಿಂತು “ಎರೆಯಾ, ಇಳಿಯೋ!” ಎಂದು ಕೂಗುತ್ತಿದ್ದಾಳೆ. ನಾನು ಈ ಸಿದ್ಧಾಂತವನ್ನು ಎದ್ದು ನಿಂತು ಮಂಡಿಸಿದೆ. ಅಡುಗೆಮನೆಯಿಂದ ನನ್ನ ಹೆಂಡತಿ ಕಾವಲಿಯ ಮುಂದಿನಿಂದಲೇ, “ಪಾಪ, ಆ ಹೆಂಗಸಿಗೆ ಎಷ್ಟು ಬಂಙ ಆಗಿರಬಹುದು” ಎಂದಳು. ನಾನು ಬೆರಗಾಗಿ ಅವಳನ್ನೇ ನೋಡಿದೆ. ಎಷ್ಟೋ ಶತಮಾನಗಳ ಆಚೆಗಿನ ಒಬ್ಬ ರಾಣಿಯ ಸಂಕಟ ನನಗೆ ಪಾಠದಲ್ಲಿ ಅರ್ಥವಾಗಿರಲಿಲ್ಲ, ದೋಸೆ ಎರೆಯುವ ಇವಳಿಗೆ ಒಂದೇ ಮಾತಿನಲ್ಲಿ ಅರ್ಥವಾಗಿತ್ತು.

ಆಗ ಬಾಲ್ಕನಿಯಲ್ಲಿ ಪೇಪರು ಮಡಚುವ ಸದ್ದು ಕೇಳಿಸಿತು. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಒಳಗೆ ಬಂದು ಕೂತರು. ನಮ್ಮ ಮನೆಮಾತು ತುಳು, ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ. “ಯಾಕೆ ಅಷ್ಟು ದೂರ ಬಾದಾಮಿಗೆ ಹೋಗ್ತೀ? ನಿನ್ನ ತೊಟ್ಟಿಲ ಹೆಸರು ಎಂತದು ಅಂತ ನಿನಗೆ ಗೊತ್ತುಂಟಾ? ದೇಜಪ್ಪ. ನನ್ನ ಅಪ್ಪನ ಹೆಸರು. ನಿನ್ನ ಅಮ್ಮನಿಗೆ ಮಾವನ ಹೆಸರು ಹೇಳ್ಲಿಕ್ಕೆ ನಾಲಗೆ ಏಳ್ಲಿಲ್ಲ, ಉಮೇಶ ಉಮೇಶ ಅಂತ ಕರೆದಳು. ಶಾಲೆಗೆ ಸೇರಿಸುವಾಗ ನಾನೂ ಹಾಗೇ ಬರೆಸಿಬಿಟ್ಟೆ. ಅಪ್ಪ ಆಗ ಬದುಕಿದ್ದರು. ಒಂದು ಮಾತು ಆಡ್ಲಿಲ್ಲ.” ಆಮೇಲೆ ಮೊಮ್ಮಗನ ಕಡೆ ತಿರುಗಿದರು. “ನೀನು ನಿನಗೆ ಬೇಕಾದ್ದು ಬರೆಸು ಮಗಾ. ನನ್ನ ಹೆಸರು ನನ್ನ ಹತ್ತಿರ ಇರ್ತದೆ.”

ಅವರ ದನಿಯಲ್ಲಿ ಕೋಪವಿರಲಿಲ್ಲ. ಅದೇ ನನ್ನನ್ನು ಕರಗಿಸಿತು. ಐವತ್ತು ವರ್ಷ ನಾನು ಅಮ್ಮ ಮನೆಯಲ್ಲಿ ಕರೆದ ಹೆಸರಿನಲ್ಲೇ ಓಡಾಡಿಕೊಂಡಿದ್ದೆ. ಒಬ್ಬ ಮುದುಕರು ತಮ್ಮ ಹೆಸರು ಕಣ್ಣೆದುರಿಗೇ ತಪ್ಪಿಹೋದುದನ್ನು ನೋಡಿ ಸುಮ್ಮನಿದ್ದು, ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಉಮೇಶ ಎಂದೇ ಕರೆದಿದ್ದರು. ಆ ದೇಜಪ್ಪಜ್ಜನ ದೊಡ್ಡತನದ ಮುಂದೆ ನನಗೆ ಯಾವ ಚಕ್ರವರ್ತಿಯೂ ದೊಡ್ಡವನಾಗಿ ಕಾಣಲಿಲ್ಲ. ಕಣ್ಣು ಒದ್ದೆಯಾಯಿತು, ದೋಸೆಯ ಹೊಗೆಯೆಂದು ಹೇಳಿದೆ.

ಮಗ ಮಾತ್ರ ಮೊಬೈಲನ್ನು ಮಗುಚಿಟ್ಟು ಅಜ್ಜನ ಕಡೆ ತಿರುಗಿದ. ಕೇಳಿದ: “ಅಜ್ಜ, ನಿಮ್ಮ ಹೆಸರು ಯಾರದ್ದು?”

“ನನ್ನ ಅಜ್ಜನದ್ದು. ಅವರು ಹೊಳೆಯ ಕಡವಿನಲ್ಲಿ ದೋಣಿ ನಡೆಸ್ತಿದ್ದರು. ಎಂತಾ ನೆರೆ ಬಂದರೂ ಒಂದು ಜನ ನೀರಿಗೆ ಬೀಳ್ಲಿಲ್ಲ ಅಂತ ಊರಿನವರು ಹೇಳ್ತಿದ್ದರು. ಫೋಟೋ ಗೀಟೋ ಇಲ್ಲ.”

“ಅಂದರೆ ಅವರು ಫಸ್ಟ್, ನೀವು ಸೆಕೆಂಡ್...” ಹುಡುಗ ಬೆರಳು ಮಡಚಿದ. ಮೂರನೆಯ ಬೆರಳು ಮಡಚುವಾಗ ಅವನ ಮುಖ ಅರಳಿತು. “ಮೈ ಥರ್ಡ್ ಹೂಂ! ಪುಲಕೇಶಿ ಕೂಡ ಇಬ್ಬರೇ. ಮತ್ತೆ ನಮ್ಮ ಫಸ್ಟ್ ಹತ್ತಿರವೂ ನೇವಿ ಇತ್ತು!”

ಒಂದೇ ದೋಣಿಯ ಆ ನೌಕಾಪಡೆಯನ್ನು ನೆನೆದು ಅಪ್ಪ ನಕ್ಕರು ನೋಡಿ, ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ನಾನು ಬೆಳಗಿನಿಂದ ಮಾಡಿದ ಉಪನ್ಯಾಸದಿಂದ ಆಗದ ಕೆಲಸ ‘ಮೂರನೆಯ’ ಎಂಬ ಒಂದು ಮಾತಿನಿಂದ ಆಯಿತು. ಸಂಜೆಯೊಳಗೆ ಅವನ ಎಲ್ಲ ನೋಟ್‌ಬುಕ್ಕುಗಳ ಮೇಲೆ ‘ತ್ಯಾಂಪಣ್ಣ’ ಎಂದು ಬರೆದು ಪಕ್ಕದಲ್ಲಿ ಮೂರು ಗೆರೆ ಎಳೆದದ್ದಾಯಿತು. ಶನಿವಾರ ಫಾರ್ಮು ಹಾಗೆಯೇ, ಏನೂ ತಿದ್ದದೆ ಹೋಯಿತು.

ನಾನು ಗೆದ್ದೆ ಎಂದುಕೊಂಡೆ. ಮಗ ಕಪಾಟಿನ ಬಾಗಿಲಿಗೆ ನಮ್ಮ ವಂಶಾವಳಿಯನ್ನು ದೊಡ್ಡ ಕಾಗದದಲ್ಲಿ ಬರೆದು ಅಂಟಿಸಿದ. ವಿನಯದ ಮುಖ ಮಾಡಿಕೊಂಡು ನೋಡಲು ಹೋದೆ. ಒಂದನೆಯ ತ್ಯಾಂಪಣ್ಣ, ಅವನ ಕೆಳಗೆ ಒಂದನೆಯ ದೇಜಪ್ಪ, ಎರಡನೆಯ ತ್ಯಾಂಪಣ್ಣ, ಎರಡನೆಯ ದೇಜಪ್ಪ, ಮೂರನೆಯ ತ್ಯಾಂಪಣ್ಣ. ಎಲ್ಲಕ್ಕಿಂತ ಕೆಳಗೆ, ಇನ್ನೂ ಹುಟ್ಟದವನಿಗೆ ಜಾಗ ಕಾದಿರಿಸಿ, ಮೂರನೆಯ ದೇಜಪ್ಪ.

“ಇದರಲ್ಲಿ ಉಮೇಶ ಎಲ್ಲಿದ್ದಾನೆ ಬಾಬು?” ಎಂದು ಕೇಳಿದೆ.

“ವೋ ತೋ ಅಜ್ಜಿ ಮನೆಯಲ್ಲಿ ಕರೆದ ಹೆಸರು ಪಪ್ಪಾ,” ಎಂದ. “ಹಿಸ್ಟ್ರಿಯಲ್ಲಿ ಬರೋದಿಲ್ಲ.”