ದಿನಕ್ಕೆ ಅರ್ಧ ಸುತ್ತು

ಸುಂಟಿಕೊಪ್ಪದ ದಿನಸಿ ಅಂಗಡಿ ಸಣ್ಣಸ್ವಾಮಿಯವರಿಗೆ ಎಲ್ಲದರ ಮೇಲೂ ಅನುಮಾನ. ಹಾಲು ಗಟ್ಟಿಯಾಗಿದ್ದರೆ ಅನುಮಾನ, ತೆಳ್ಳಗಿದ್ದರಂತೂ ಕೇಳುವುದೇ ಬೇಡ. ಮಡಿಕೇರಿಯ ಬಸ್ಸು ಸರಿಯಾದ ಹೊತ್ತಿಗೆ ಬಂದರೆ, "ಇದು ನಿನ್ನೇದಿರ್ಬೇಕು" ಎನ್ನುತ್ತಿದ್ದರು. ಇಂಥವರು ಒಂದು ಹಳೇ ಕಾರನ್ನು ಕೊಂಡದ್ದೇ ಆಶ್ಚರ್ಯ. ಕೊಡಗಿಗೆ ತನ್ನದೇ ಸರ್ಕಾರವಿದ್ದ ಆ ದಿನಗಳಲ್ಲಿ ಎಸ್ಟೇಟಿನ ದೊರೆಗಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟುತ್ತಿದ್ದರು. ಹಾಗೆ ಹೊರಟ ಒಬ್ಬ ದೊರೆ ಮಾರಿ ಹೋದ ಕಾರು ಅದು.

ಈಗ ಅದರ ಫ್ಯಾನು ಕಿರುಚತೊಡಗಿತ್ತು. ಫ್ಯಾನಿನ ನಟ್ಟನಡುವೆ ಇರುವ ಬೋಲ್ಟನ್ನು ಬಿಚ್ಚಿ, ಒಳಗೆ ಒಂದಿಷ್ಟು ಗ್ರೀಸು ಮೆತ್ತಿದರೆ ಸರಿಹೋಗುವ ಕೆಲಸ. ಬಸ್‌ಸ್ಟ್ಯಾಂಡಿನ ಪಕ್ಕದಲ್ಲೇ ಮೆಕ್ಯಾನಿಕ್ ಪೊನ್ನಪ್ಪನ ಶೆಡ್ಡಿತ್ತು. ಆದರೆ ಅವನ ಹತ್ತಿರ ಹೋಗಲು ಸಣ್ಣಸ್ವಾಮಿಯವರಿಗೆ ಮನಸ್ಸಿಲ್ಲ.

"ಹೋದ ಸಲ ಅವ್ನು ಏನೋ ರಿಪೇರಿ ಮಾಡಿದ್ಮೇಲೆ ಕಾರು ಮುಂಚಿನ ಥರ ಗುಡುಗ್ತಾ ಇಲ್ಲ. ಒಳಗಿಂದ ಏನೋ ತೆಗ್ದುಕೊಂಡಿದ್ದಾನೆ" ಎಂದರು ಹೆಂಡತಿಗೆ. "ನಾನೇ ಬಿಚ್ತೀನಿ."

"ಶುಕ್ರವಾರ ಹೊರಡ್ಬೇಕು, ನೆನಪಿರಲಿ" ಎಂದರು ಕಾಮಾಕ್ಷಮ್ಮ. ಭಾನುವಾರ ಅವರ ತಂಗಿ ರಾಮಮ್ಮನ ಮದುವೆ, ಅರಕಲಗೂಡಿನ ಕಡೆಯ ತವರುಮನೆಯಲ್ಲಿ. ಹೋದ ವರ್ಷ ಅದೇ ಮನೆಯ ನಾಮಕರಣದಲ್ಲಿ ಸಣ್ಣಸ್ವಾಮಿಯವರಿಗೆ ಎರಡನೇ ಪಂಕ್ತಿಯಲ್ಲಿ ಎಲೆ ಹಾಕಿದ್ದರು. ಅಂದಿನಿಂದ ಮಾವನ ಮನೆಯ ಹೆಸರೆತ್ತಿದರೆ ಅವರಿಗೆ ಸೊಂಟ ಹಿಡಿಯುತ್ತಿತ್ತು. ಇದು ಕಾಮಾಕ್ಷಮ್ಮನಿಗೂ ಗೊತ್ತಿತ್ತು.

ಸೋಮವಾರ ಸಂಜೆ ಬಾನೆಟ್ಟು ಎತ್ತಿ ಕೆಲಸ ಶುರುವಾಯಿತು. ಫ್ಯಾನು ತಿರುಗದಂತೆ ಅಡುಗೆಮನೆಯ ಒನಕೆಯನ್ನು ಅಡ್ಡ ಕೊಟ್ಟು, ಸ್ಪ್ಯಾನರು ಸಿಕ್ಕಿಸಿ, ಎಲ್ಲಾ ಬೋಲ್ಟುಗಳನ್ನೂ ಬಿಚ್ಚುವ ಹಾಗೆ ಎಡಕ್ಕೆ ಎಳೆದರು. ಅಲುಗಲಿಲ್ಲ. ಸೀಮೆಎಣ್ಣೆ ಕುಡಿಸಿದರು. ಹುಣಸೆಹಣ್ಣು ಉಜ್ಜಿದರು. ಕೆಂಡ ಹಿಡಿದರು. ಸ್ಪ್ಯಾನರಿಗೆ ಕೊಳಾಯಿ ಪೈಪು ತೂರಿಸಿ, ಅದಕ್ಕೆ ಜೋತುಬಿದ್ದು, ಎರಡೂ ಕಾಲನ್ನು ನೆಲದಿಂದ ಮೇಲೆತ್ತಿದರು. ಬೋಲ್ಟು ಧರ್ಮರಾಯನ ಹಾಗೆ ನಿಶ್ಚಲವಾಗಿತ್ತು. ಒನಕೆ ಮಾತ್ರ ಎರಡಾಯಿತು.

"ಪೊನ್ನಪ್ಪನ್ನ ಕರೀಲಾ?" ಎಂದರು ಕಾಮಾಕ್ಷಮ್ಮ.

"ಅವ್ನು ಈ ಅಂಗಳಕ್ಕೆ ಕಾಲಿಟ್ರೆ ನಾನು ಮನೇಲಿರಲ್ಲ."

ಮಂಗಳವಾರ ಮಧ್ಯಾಹ್ನ ಎಂದಿನಂತೆ ಅಂಗಡಿ ಮುಚ್ಚಿ, ಉಂಡು, ಎರಡು ಗಂಟೆ ಗೊರಕೆ ಹೊಡೆದು ಎದ್ದು, ಮತ್ತೆ ಸ್ಪ್ಯಾನರು ಹಿಡಿದರು. ಏನಾಶ್ಚರ್ಯ! ಬೋಲ್ಟು ಬೆಣ್ಣೆಯಂತೆ ಅರ್ಧ ಸುತ್ತು ತಿರುಗಿ, ಮತ್ತೆ ಗಕ್ಕನೆ ನಿಂತಿತು.

"ಕಾಮಾಕ್ಷೀ, ಅರ್ಧ ಸುತ್ತು ಬಂತು ಕಣೇ!"

"ಬರೀ ಅರ್ಧಾನಾ? ಪೂರ್ತಿ ಬರ್ಲಿಲ್ವಾ?" ಹೆಂಡತಿಯ ಧ್ವನಿಯಲ್ಲಿ ಸಂತೋಷ ಇರಬೇಕಾದ ಜಾಗದಲ್ಲಿ ಇನ್ನೇನೋ ಇತ್ತು.

ಬುಧವಾರವೂ ಅಷ್ಟೇ. ನಿದ್ದೆ ಮುಗಿಸಿ ಬಂದರೆ ಸಲೀಸಾಗಿ ಅರ್ಧ ಸುತ್ತು, ಆಮೇಲೆ ಬಂಡೆ. ಅಂದು ಸಂಜೆಯ ಕಾಫಿಗೆ ಸಕ್ಕರೆ ಇರಲಿಲ್ಲ. ಸಣ್ಣಸ್ವಾಮಿಯವರು ಆ ಕಹಿಯನ್ನು ಹೀರುತ್ತಾ ಲೆಕ್ಕ ಹಾಕಿದರು. ಎರಡು ದಿನಕ್ಕೆ ಒಂದು ಪೂರ್ತಿ ಸುತ್ತು ಬಿಚ್ಚಿದ್ದೇನೆ. ಹಾಗಿದ್ದರೆ ಬೋಲ್ಟಿನ ತಲೆ ಒಂದು ಕೂದಲೆಳೆಯಷ್ಟೂ ಹೊರಗೆ ಬಂದಿಲ್ಲವೇಕೆ? ಒಂದೇ ಕಾರಣ. ನಾನು ಬಿಚ್ಚಿದ್ದನ್ನು ಯಾರೋ ಬಿಗಿ ಮಾಡುತ್ತಿದ್ದಾರೆ! (ತಮ್ಮ ಅನುಮಾನಕ್ಕೆ ಕೊನೆಗೂ ಒಂದು ಆಧಾರ ಸಿಕ್ಕಿತೆಂದು ಅವರಿಗೆ ಒಳಗೊಳಗೇ ಹಿತವೂ ಆಯಿತು.)

ಗುರುವಾರ ಬೆಳಿಗ್ಗೆ ಬೋಲ್ಟಿನ ತಲೆಯಿಂದ ಫ್ಯಾನಿನವರೆಗೆ ಸುಣ್ಣದಲ್ಲಿ ಒಂದು ಗೀಟು ಎಳೆದರು. ಮಧ್ಯಾಹ್ನ ಉಂಡು ಮಲಗಿದಂತೆ ನಾಲ್ಕು ಗೊರಕೆ ಹೊಡೆದು, ಹಿತ್ತಿಲ ಬಾಗಿಲಿನಿಂದ ನುಸುಳಿ, ಕಾರಿನ ಕೊಟ್ಟಿಗೆಯಲ್ಲಿ ಕಾಫಿ ಮೂಟೆಗಳ ಹಿಂದೆ ಕುಳಿತರು.

ಹತ್ತು ನಿಮಿಷ ಕಳೆಯಿತು. ಮೊದಲು ಬಂದವರು ಕಾಮಾಕ್ಷಮ್ಮ. ಹಿಂದೆಯೇ ಪೊನ್ನಪ್ಪ, ಕೈಯಲ್ಲಿ ಮಾರುದ್ದದ ಸ್ಪ್ಯಾನರು! ಸಣ್ಣಸ್ವಾಮಿಯವರು ಉಸಿರು ಬಿಗಿಹಿಡಿದು ನೋಡಿದರು. ಪೊನ್ನಪ್ಪ ಬಾನೆಟ್ಟು ಎತ್ತಿದ, ಸ್ಪ್ಯಾನರು ಹಾಕಿದ, ಮೈಯೆಲ್ಲಾ ಹುರಿಮಾಡಿ ಒತ್ತಿದ. ಎಡಕ್ಕಲ್ಲ, ಬಲಕ್ಕೆ!

"ಸಿಕ್ಕಿಬಿದ್ದೆಯಾ!" ಮೂಟೆಯ ಹಿಂದಿನಿಂದ ಸಣ್ಣಸ್ವಾಮಿಯವರು ಎದ್ದರು. "ನಾನು ಬಿಚ್ಚೋದು, ನೀನು ಬಂದು ಬಿಗಿ ಮಾಡೋದು! ಇದೇನಾ ನಿನ್ನ ಕಸುಬು?"

"ಎಂಥ ಗೌಡ್ರೇ ನೀವು ಹೇಳೋದು?" ಪೊನ್ನಪ್ಪ ಬೆಚ್ಚಿ ಹಿಂದೆ ಸರಿದ. "ನಾನು ಮೂರು ದಿವಸದಿಂದ ಸಡಿಲ ಮಾಡಿಕೊಟ್ಟು ಹೋಗ್ತಾ ಇದ್ದೇನೆ. ಮಾರನೇ ದಿವಸ ಬಂದ್ರೆ ಮೊದಲಿಗಿಂತ ಬಿಗಿ ಇರ್ತದೆ!"

"ಅವ್ರನ್ನ ಕರೆಸಿದ್ದು ನಾನು" ಎಂದರು ಕಾಮಾಕ್ಷಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾ. "ಸ್ವಲ್ಪ ಸಡಿಲ ಮಾಡಿ ಬಿಡಿ ಪೊನ್ನಪ್ಪಣ್ಣ, ಮಿಕ್ಕಿದ್ದು ಅವರೇ ಬಿಚ್ಚಿದ ಹಾಗಿರ್ಲಿ, ಗಂಡಸರ ಮರ್ಯಾದೆ ಉಳೀಲಿ ಅಂತ ಹೇಳಿದ್ದೆ. ಈಗ ಗೊತ್ತಾಯ್ತಲ್ಲ ಬಿಗಿ ಮಾಡ್ತಿದ್ದೋರು ಯಾರು ಅಂತ!"

"ಸುಳ್ಳು! ಎಡಕ್ಕೆ ತಿರುಗಿಸಿದ್ರೆ ಬೋಲ್ಟು ಬಿಚ್ಚುತ್ತೆ. ಇಡೀ ಪ್ರಪಂಚಕ್ಕೆ ಗೊತ್ತು."

ಪೊನ್ನಪ್ಪ ಸ್ಪ್ಯಾನರಿನಿಂದ ಇನ್ನೊಮ್ಮೆ ಬಲಕ್ಕೆ ಒತ್ತಿ, ಆಮೇಲೆ ಬರಿ ಬೆರಳಿನಲ್ಲಿ ಬಲಕ್ಕೇ ತಿರುಗಿಸುತ್ತಾ ಹೋದ. ಬೋಲ್ಟು ಪೂರ್ತಿ ಈಚೆಗೆ ಬಂತು. ಅದನ್ನು ತಂದು ಸಣ್ಣಸ್ವಾಮಿಯವರ ಅಂಗೈಯಲ್ಲಿ ಇಟ್ಟ.

ಸಣ್ಣಸ್ವಾಮಿಯವರು ನೋಡಿದರು. ಬೋಲ್ಟಿನ ಸುರುಳಿಗೆರೆಗಳು ಲೋಕದ ಎಲ್ಲಾ ಬೋಲ್ಟುಗಳಿಗೂ ಉಲ್ಟಾ ಓರೆಯಾಗಿದ್ದವು. ಫ್ಯಾನು ತಿರುಗುವ ಭರಕ್ಕೆ ತಾನಾಗಿ ಸಡಿಲವಾಗದಿರಲೆಂದು ಮಾಡಿದ ಎಡತಿರುಪಿನ ಬೋಲ್ಟು ಅದು. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ, ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ಸೀಮೆಎಣ್ಣೆ, ಹುಣಸೆ, ಕೆಂಡ, ಪೈಪಿಗೆ ಜೋತುಬಿದ್ದದ್ದು ಎಲ್ಲವೂ ಒಮ್ಮೆಗೇ ಕಣ್ಣ ಮುಂದೆ ಬಂತು. ಕಿವಿ ಬಿಸಿಯಾಯಿತು.

ಬೋಲ್ಟಿನ ಭಾಷೆ ಕಾಮಾಕ್ಷಮ್ಮನಿಗೆ ಬರುತ್ತಿರಲಿಲ್ಲ. ಗಂಡನ ಮುಖದ ಭಾಷೆ ಬರುತ್ತಿತ್ತು.

"ನಿಜ ಹೇಳಿ. ನಮ್ಮಪ್ಪನ ಮನೆಗೆ ಹೋಗೋದು ತಪ್ಪಲಿ ಅಂತ ಬೇಕೂಂತಲೇ ಬಿಗಿ ಮಾಡಿದ್ರಿ ಅಲ್ವಾ?"

ಪೊನ್ನಪ್ಪ ನಿಜ ಹೇಳಲು ಬಾಯಿ ತೆರೆದ. ಸಣ್ಣಸ್ವಾಮಿಯವರು ಅವನತ್ತ ಒಂದು ನೋಟ ಬೀರಿದರು. ಜೀವನದಲ್ಲಿ ಮೊದಲ ಸಲ ಅವನನ್ನು ನಂಬಿದ ನೋಟ ಅದು. ಪೊನ್ನಪ್ಪ ಬಾಯಿ ಮುಚ್ಚಿ, ಗ್ರೀಸಿನ ಡಬ್ಬಿಗೆ ಕೈಹಾಕಿದ.

ಪೆದ್ದನಾಗಬೇಕೋ, ದುಷ್ಟನಾಗಬೇಕೋ? ಸಣ್ಣಸ್ವಾಮಿಯವರು ಎದೆ ಸೆಟೆಸಿದರು.

"ಹೌದು ಕಣೇ. ಬೇಕೂಂತಲೇ ಬಿಗಿ ಮಾಡ್ದೆ. ಏನೀಗ?"

ಏನೀಗ ಎಂಬುದು ಮದುವೆಮನೆಯಲ್ಲಿ ತಿಳಿಯಿತು. ಶಿಕ್ಷೆಯಾಗಿ ಹದಿನೈದು ದಿನ ಅಲ್ಲೇ ಇರಬೇಕೆಂದು ತೀರ್ಪಾಗಿತ್ತು. ಊಟಕ್ಕೇನೋ ಮೊದಲನೇ ಪಂಕ್ತಿಯಲ್ಲೇ ಕೂರಿಸಿದರು. ಆದರೆ ಅಷ್ಟರಲ್ಲಿ ಕಾಮಾಕ್ಷಮ್ಮ ಗಂಡನ ದುಷ್ಟತನವನ್ನು ಮನೆಮಂದಿಗೆಲ್ಲಾ ಹೇಳಿ ಮುಗಿಸಿದ್ದರು. ಮಾವನವರಿಗೆ ಸಿಟ್ಟು ಬರಲಿಲ್ಲ. ಅಳಿಯನ ಹೆಗಲ ಮೇಲೆ ಕೈಹಾಕಿ, ತೋಟದ ಪಂಪಿನ ಶೆಡ್ಡಿಗೆ ಕರೆದುಕೊಂಡು ಹೋದರು.

"ಮೆಕ್ಯಾನಿಕ್ಕಿಗೂ ಸುಲಭಕ್ಕೆ ಬಗ್ಗದ ಹಾಗೆ ಬಿಗಿ ಮಾಡ್ತೀರಂತೆ. ನಮ್ಮ ಈ ಎಂಜಿನ್ನು ನೋಡಿ, ಎಷ್ಟು ಸಲ ಬಿಗಿದ್ರೂ ಸಡಿಲ ಆಗುತ್ತೆ. ಹದಿನೈದು ದಿನ ಇದ್ದೀರಲ್ಲ, ಎಲ್ಲಾ ಬೋಲ್ಟನ್ನೂ ಒಂದ್ಸಲ ನೋಡಿಬಿಡಿ."

ಎಂಜಿನ್ನಿನ ಮೈತುಂಬಾ ಬೋಲ್ಟುಗಳು. ಸಣ್ಣಸ್ವಾಮಿಯವರು ಸ್ಪ್ಯಾನರು ಹಿಡಿದು ಎಷ್ಟೋ ಹೊತ್ತು ನಿಂತರು. ಒಂದೊಂದನ್ನೂ ಅನುಮಾನದಿಂದ ನೋಡಿದರು. ಕೊನೆಗೆ ಮಾವನ ಕಿವಿಯ ಬಳಿ ಬಗ್ಗಿ ಮೆಲ್ಲಗೆ ಕೇಳಿದರು.

"ಮಾವ, ಇವು ಯಾವ ಕಡೆಗೆ ತಿರುಗ್ತವೆ?"

ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಕಾಮಾಕ್ಷಮ್ಮ ಗಂಡನನ್ನು ನೋಡಿದರು, ಸ್ಪ್ಯಾನರನ್ನು ನೋಡಿದರು, ಮತ್ತೆ ಗಂಡನನ್ನು ನೋಡಿದರು.

"ನಂಗೆ ಆವತ್ತೇ ಅನುಮಾನ ಬಂದಿತ್ತು" ಎಂದರು.